ಆರೋಗ್ಯ ಶಾಖೆಯ ಹಾಜರಿ ಪುಸ್ತಕ

ಗೋಕಾಕದ ನಗರಸಭೆಯಾಗಲಿ, ಹುಕ್ಕೇರಿ ಮತ್ತು ಮೂಡಲಗಿಯ ಪುರಸಭೆಗಳಾಗಲಿ, ಬೀದಿ ಗುಡಿಸುವವರು, ಗಟಾರ ತೆಗೆಯುವವರು, ಕಸದ ಗಾಡಿಯ ಬೆನ್ನಿಗೆ ನಿಂತು ಹೋಗುವವರು ಎಲ್ಲರೂ ಆರೋಗ್ಯ ಶಾಖೆಯ ಜನ. ಊರು ಏಳುವ ಮೊದಲೇ ಇವರ ಹಾಜರಿ ಹಾಕುವ ಅಧಿಕಾರಿಯ ಹುದ್ದೆಯ ಹೆಸರು ಆರೋಗ್ಯ ನಿರೀಕ್ಷಕ. ಯಾರು ಬಂದರು, ಯಾರು ಬರಲಿಲ್ಲ, ಯಾರಿಗೆ ಯಾವ ಓಣಿ ಎಂದು ಬರೆದಿಡಲು ಹಾಜರಿ ಪುಸ್ತಕ ಇದೆ. ಬಾರದವರು ಯಾಕೆ ಬರಲಿಲ್ಲ, ಜ್ವರವೋ, ಕೆಮ್ಮೋ, ಅಂಗಾಲಿಗೆ ಹೊಕ್ಕ ಗಾಜೋ ಎಂದು ಕೇಳುವುದು ಆ ಪುಸ್ತಕದ ಕೆಲಸವಲ್ಲ. ಗೈರು ಎಂದರೆ ಗೈರು. ಅದು ಪಗಾರದ ಲೆಕ್ಕಕ್ಕೆ ಬರುತ್ತದೆ, ರೋಗದ ಲೆಕ್ಕಕ್ಕೆ ಬರುವುದಿಲ್ಲ.

ಆರೋಗ್ಯ ಶಾಖೆ ಎಂಬ ಹೆಸರಿನಲ್ಲಿರುವ ಆರೋಗ್ಯ ಯಾರದು? ಊರಿನದು ಎಂಬ ಉತ್ತರ ಸುಲಭ. ಊರನ್ನು ಶುಚಿಯಾಗಿಡುವವರ ಮೈ ಆ ಊರಿನ ಲೆಕ್ಕದಲ್ಲಿ ಸೇರಿದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನೂರೈವತ್ತು ವರ್ಷಕ್ಕೂ ಹಿಂದೆ ಹೋಗಬೇಕು. ನಮ್ಮಲ್ಲಿ ನೈರ್ಮಲ್ಯಕ್ಕೆ ಒಂದು ಚರಿತ್ರೆಯಿದೆ. ವರದಿಗಳು, ಕಾಯ್ದೆಗಳು, ಕೊಳವೆಗಳು, ಯಂತ್ರಗಳು ಎಲ್ಲವೂ ಅದರಲ್ಲಿವೆ. ನೈರ್ಮಲ್ಯದ ಕೆಲಸ ಮಾಡಿದವರ ಕಾಯಿಲೆಗಳಿಗೆ ಮಾತ್ರ ಚರಿತ್ರೆ ಇಲ್ಲ. ಇದು ಮರೆವಿನಿಂದ ಆದದ್ದಲ್ಲ. ಆ ಕಾಯಿಲೆಗಳನ್ನು ಬರೆದಿಡಬೇಕಾದ ಪುಸ್ತಕವನ್ನೇ ಯಾರೂ ತೆರೆಯಲಿಲ್ಲ ಎಂಬುದು ಈ ಬರಹದ ವಾದ.

ಹೊಲಸು ಊರಾಚೆಗೆ

ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಹೀಗಾಗಿ ನಮ್ಮ ಊರುಗಳ ಪೌರಾಡಳಿತದ ಬೇರು ಇರುವುದು ಮೈಸೂರಿನಲ್ಲಲ್ಲ, ಮುಂಬಯಿಯಲ್ಲಿ. 1850ರ 26ನೆಯ ಕಾಯ್ದೆ, ಊರ ಜನ ಬಯಸಿದರೆ ಪುರಸಭೆ ಕಟ್ಟಿಕೊಳ್ಳಬಹುದು ಎಂದಿತು. ಮುಂದೆ 1873, 1884, 1901ರ ಜಿಲ್ಲಾ ಪುರಸಭೆಗಳ ಕಾಯ್ದೆಗಳು ಬಂದವು. ದೀಪ, ರಸ್ತೆ, ನೀರು, ಕಸ, ಸಂಡಾಸು ಇವು ಪುರಸಭೆಯ ಮುಖ್ಯ ಕೆಲಸಗಳಾದವು.

ಇದರ ಹಿಂದೆ ಒಂದು ಭಯವೂ ಇತ್ತು. 1857ರ ನಂತರ ಬ್ರಿಟಿಷರಿಗೆ ತಮ್ಮ ಸೈನಿಕರ ಸಾವು ದೊಡ್ಡ ಚಿಂತೆಯಾಯಿತು. ಭಾರತದಲ್ಲಿನ ಸೈನ್ಯದ ನೈರ್ಮಲ್ಯ ಸ್ಥಿತಿಯನ್ನು ಕುರಿತ ರಾಯಲ್ ಆಯೋಗ 1863ರಲ್ಲಿ ವರದಿ ಕೊಟ್ಟಿತು. ಅದರ ಹಿಂದೆ ಫ್ಲಾರೆನ್ಸ್ ನೈಟಿಂಗೇಲ್ ಅವರ ದುಡಿಮೆ ಬಹಳವಿತ್ತು. ಯುದ್ಧಕ್ಕಿಂತ ಹೆಚ್ಚು ಸೈನಿಕರನ್ನು ಕಾಲರಾ, ಆಮಶಂಕೆ, ಜ್ವರಗಳು ಕೊಲ್ಲುತ್ತಿದ್ದವು. ಕೊಳೆತ ವಸ್ತುಗಳಿಂದ ಏಳುವ ಕೆಟ್ಟ ಗಾಳಿಯೇ ರೋಗಕ್ಕೆ ಮೂಲ ಎಂದು ಆಗಿನ ಬಹುಪಾಲು ವೈದ್ಯರು ನಂಬಿದ್ದರು. ಹಾಗಿದ್ದರೆ ಉಪಾಯ ಒಂದೇ: ಹೊಲಸನ್ನು ದಂಡಿನ ಪ್ರದೇಶದಿಂದ, ಪೇಟೆಯಿಂದ, ಮನೆಗಳಿಂದ ದೂರ ಸಾಗಿಸುವುದು. ಬೆಳಗಾವಿ ದಂಡಿನ ಊರಾದ್ದರಿಂದ ಈ ವಿಚಾರ ನಮ್ಮ ಸೀಮೆಗೆ ಬೇಗ ತಲುಪಿತು.

ದೂರ ಸಾಗಿಸುವವರು ಯಾರು ಎಂಬುದು ಚರ್ಚೆಗೇ ಬರಲಿಲ್ಲ. ಜಾತಿ ಅದನ್ನು ಮೊದಲೇ ತೀರ್ಮಾನಿಸಿತ್ತು. ಮುಂಬಯಿ ಸೀಮೆಯ ಕಾಗದಗಳಲ್ಲಿ ಅವರು ಹಲಾಲಖೋರರು, ಭಂಗಿಗಳು. ನಮ್ಮ ಕಡೆ ಜಾಡಮಾಲಿಗಳು. ಅವರು ಬುಟ್ಟಿಯಲ್ಲಿ ಹೊತ್ತು, ಗಾಡಿಗೆ ಸುರಿದು, ಊರಾಚೆ ಮಣ್ಣು ಬೂದಿ ಬೆರೆಸಿ ಗೊಬ್ಬರ ಮಾಡಿದ್ದನ್ನು ಮರಾಠಿಯಲ್ಲಿ ಸೋನಖತ ಎಂದರು, ಅಂದರೆ ಬಂಗಾರದ ಗೊಬ್ಬರ. ಹೊಲಸು ಗೊಬ್ಬರವಾದ ಮೇಲೆ ಅದಕ್ಕೆ ಬೆಲೆ ಬಂತು, ಬಂಗಾರದ ಹೆಸರೂ ಬಂತು. ಹೊತ್ತವರಿಗೆ ಎರಡೂ ಬರಲಿಲ್ಲ.

1884ರಲ್ಲಿ ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಕತ್ವದಲ್ಲಿ ಬೆಳಗಾವಿ ಜಿಲ್ಲೆಯ ಗ್ಯಾಸೆಟಿಯರ್ ಪ್ರಕಟವಾಯಿತು. ನನ್ನಂಥ ಸಂಶೋಧಕರಿಗೆ ಅದೊಂದು ಕಣಜ. ಬೆಳೆ, ಸಂತೆ, ಜಾತಿ, ಪುರಸಭೆಗಳ ಆದಾಯ, ಊರೂರಿನ ಕತೆ ಎಲ್ಲವೂ ಅದರಲ್ಲಿದೆ. ಆರೋಗ್ಯಕ್ಕೂ ಒಂದು ಅಧ್ಯಾಯವಿದೆ: ಹವೆ, ರೋಗಗಳು, ದವಾಖಾನೆಗಳು, ಸಿಡುಬಿನ ಲಸಿಕೆ, ಜನನ ಮರಣ. ರೋಗ ಅಲ್ಲಿ ಊರಿಗೆ ಬರುತ್ತದೆ, ಋತುವಿನೊಂದಿಗೆ ಬರುತ್ತದೆ. ದುಡಿಮೆಯಿಂದ ಬರುವ ರೋಗ ಎಂಬ ಕಲ್ಪನೆಗೆ ಆ ಕಾಲದ ಇಂಥ ಪುಸ್ತಕಗಳಲ್ಲಿ ಜಾಗವಿರಲಿಲ್ಲ.

ಹಾಗೆಂದು ಆ ಕಲ್ಪನೆ ಜಗತ್ತಿಗೇ ಹೊಸದಾಗಿತ್ತು ಎನ್ನುವಂತಿಲ್ಲ. 1700ರಲ್ಲೇ ಇಟಲಿಯ ಮೊದೆನಾದ ವೈದ್ಯ ಬರ್ನಾರ್ದಿನೊ ರಮತ್ಸೀನಿ ಕಸುಬುದಾರರ ಕಾಯಿಲೆಗಳ ಬಗ್ಗೆ ಒಂದು ಇಡೀ ಗ್ರಂಥ ಬರೆದಿದ್ದ. ಆ ಕೆಲಸಕ್ಕೆ ಅವನನ್ನು ಹಚ್ಚಿದ್ದು ತನ್ನ ಮನೆಯ ಮಲದ ಗುಂಡಿ ತೆಗೆಯಲು ಬಂದ ಒಬ್ಬ ಕೂಲಿಯವ. ಯಾಕೆ ಇಷ್ಟು ಅವಸರದಿಂದ ದುಡಿಯುತ್ತೀ ಎಂದು ರಮತ್ಸೀನಿ ಅವನನ್ನು ಕೇಳಿದ. ಹೆಚ್ಚು ಹೊತ್ತು ಗುಂಡಿಯಲ್ಲಿದ್ದರೆ ಕಣ್ಣು ಹೋಗುತ್ತದೆ, ಮನೆಗೆ ಹೋಗಿ ಕಣ್ಣು ತೊಳೆದು ಕತ್ತಲೆಯಲ್ಲಿ ಕೂರಬೇಕು ಎಂಬ ಅರ್ಥದ ಉತ್ತರ ಬಂತು. ಊರಿನಲ್ಲಿ ಭಿಕ್ಷೆ ಬೇಡುತ್ತಿದ್ದ ಕುರುಡರಲ್ಲಿ ಕೆಲವರು ಹಿಂದೆ ಇದೇ ಕೆಲಸ ಮಾಡಿದವರು ಎಂಬುದನ್ನು ಆಮೇಲೆ ರಮತ್ಸೀನಿ ಗಮನಿಸಿದ. ರೋಗಿಗೆ ವೈದ್ಯರು ಕೇಳುವ ಪ್ರಶ್ನೆಗಳ ಸಾಲಿಗೆ ಅವನು ಒಂದನ್ನು ಸೇರಿಸಿದ: ನಿನ್ನ ಕಸುಬು ಯಾವುದು? ಈ ಪ್ರಶ್ನೆ ಯುರೋಪಿನ ಕಾರ್ಖಾನೆ ಕಾಯ್ದೆಗಳವರೆಗೆ ಬೆಳೆಯಿತು. ನಮ್ಮ ಓಣಿಗಳಿಗೆ ಬರಲಿಲ್ಲ.

ಬಂದದ್ದು ಬೇರೆ ಬಗೆಯ ಕಾಯ್ದೆ. ಮುಂಬಯಿ ಸರ್ಕಾರ 1890ರಲ್ಲಿ ಪೌರ ಸೇವಕರ ಕಾಯ್ದೆಯೊಂದನ್ನು ತಂದಿತು. ಮುನ್ಸೂಚನೆ ಇಲ್ಲದೆ ಕೆಲಸ ಬಿಡುವ ಹಲಾಲಖೋರ ಅದರ ಪ್ರಕಾರ ಶಿಕ್ಷೆಗೆ ಗುರಿಯಾಗುತ್ತಿದ್ದ. ಪಂಜಾಬ್ ಮತ್ತು ಸಂಯುಕ್ತ ಪ್ರಾಂತ್ಯಗಳ ಪುರಸಭೆ ಕಾಯ್ದೆಗಳಲ್ಲೂ ಇಂಥ ಕಲಮುಗಳಿದ್ದವು; ಅಂಬೇಡ್ಕರ್ ಮುಂದೆ ಅವನ್ನು ಎತ್ತಿ ತೋರಿಸಿದರು. ಈ ಕೆಲಸ ಒಂದು ದಿನ ನಿಂತರೂ ಊರು ಕೆಡುತ್ತದೆ ಎಂಬುದು ಸರ್ಕಾರಕ್ಕೆ ಚೆನ್ನಾಗಿ ತಿಳಿದಿತ್ತು. ಕೆಲಸಕ್ಕೆ ಅಷ್ಟು ಬೆಲೆ ಕೊಟ್ಟ ಕಾನೂನು ಅದನ್ನು ಮಾಡುವವರು ಕಾಯಿಲೆ ಬಿದ್ದರೆ ಏನು ಎಂಬುದನ್ನು ಕೇಳಲಿಲ್ಲ.

ಸತ್ತ ಇಲಿಗಳನ್ನು ಎತ್ತಿದವರು

1896ರಲ್ಲಿ ಮುಂಬಯಿಗೆ ಪ್ಲೇಗು ಬಂತು. ರೈಲುದಾರಿ ಹಿಡಿದು ಒಂದೆರಡು ವರ್ಷಗಳಲ್ಲಿ ಬೆಳಗಾವಿ, ಧಾರವಾಡ ಸೀಮೆಗೂ ಇಳಿಯಿತು. ಮನೆಗಳಲ್ಲಿ ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ನೆನಪು ಈ ಭಾಗದ ಹಳೆಯ ಮನೆತನಗಳಲ್ಲಿ ಇನ್ನೂ ಇದೆ. 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಸರ್ಕಾರಕ್ಕೆ ಮನೆ ಹೊಕ್ಕು ಶೋಧಿಸುವ, ಜನರನ್ನು ಬೇರೆಡೆ ಇಡುವ ಅಧಿಕಾರ ಕೊಟ್ಟಿತು. ಊರವರು ಗುಡಿಸಲಿಗೆ ಹೋದ ಮೇಲೆ ಖಾಲಿ ಮನೆಗಳನ್ನು ತೊಳೆದು, ಸುಣ್ಣ ಬಳಿದು, ಸತ್ತ ಇಲಿಗಳನ್ನು ಎತ್ತಿ ಹಾಕುವುದೂ ಒಂದು ಕೆಲಸವಾಯಿತು.

ಪ್ಲೇಗಿನ ಸೂಕ್ಷ್ಮಾಣುವನ್ನು ಅಲೆಕ್ಸಾಂಡ್ರ್ ಯೆರ್ಸಾಂ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದ. ಅದು ಇಲಿಯಿಂದ ಮನುಷ್ಯನಿಗೆ ಹೇಗೆ ಬರುತ್ತದೆ ಎಂಬುದು ಮಾತ್ರ ತಿಳಿದಿರಲಿಲ್ಲ. ಅದನ್ನು ಬಿಡಿಸಿದವನು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂ. ಅವನ ಪ್ರಯೋಗ ನಡೆದದ್ದು 1898ರ ಜೂನ್‌ನಲ್ಲಿ, ಆಗ ಮುಂಬಯಿ ಪ್ರಾಂತ್ಯಕ್ಕೇ ಸೇರಿದ್ದ ಕರಾಚಿಯಲ್ಲಿ. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ದಾಟಿಸುತ್ತದೆ ಎಂದು ಅವನು ತೋರಿಸಿದ. ಆ ದಾರಿಯಲ್ಲಿ ಅವನಿಗೆ ಸುಳಿವು ಕೊಟ್ಟ ಪ್ರಸಂಗಗಳಲ್ಲಿ ಒಂದು ಹೀಗಿದೆ. ಉಣ್ಣೆಯ ಕಾರ್ಖಾನೆಯೊಂದರಲ್ಲಿ ಬೆಳಿಗ್ಗೆ ನೆಲದ ತುಂಬ ಇಲಿಗಳು ಸತ್ತು ಬಿದ್ದಿದ್ದವು. ಅವನ್ನು ತೆಗೆಯಲು 20 ಕೂಲಿಗಳಿಗೆ ಹೇಳಿದರು. ಮೂರು ದಿನದೊಳಗೆ ಅವರಲ್ಲಿ 10 ಜನರಿಗೆ ಪ್ಲೇಗು ತಗಲಿತು. ಕಾರ್ಖಾನೆಯ ಉಳಿದವರಿಗೆ ಏನೂ ಆಗಲಿಲ್ಲ.

ವೈದ್ಯಕೀಯ ಚರಿತ್ರೆಯಲ್ಲಿ ಇದೊಂದು ದೊಡ್ಡ ಗಳಿಗೆ ಎಂದು ಓದುತ್ತೇವೆ. ಇಲಿ ಎತ್ತಿದ ಆ ಹತ್ತು ಜನರ ಹೆಸರು ಆ ಚರಿತ್ರೆಯಲ್ಲಿಲ್ಲ. ರೋಗದ ದಾರಿ ಗೊತ್ತಾದದ್ದು ಅದನ್ನು ಗುಡಿಸಿದವರ ಮೈಯಿಂದ ಎಂಬುದನ್ನು ಇಲ್ಲಿ ಗಮನಿಸಬೇಕು. ಕಸ ಮುಟ್ಟುವವರ ಕಾಯಿಲೆಯನ್ನು ಬರೆದಿಟ್ಟರೆ ಊರಿಗೆ ಬರಲಿರುವ ಕಾಯಿಲೆ ಮೊದಲೇ ಕಾಣುತ್ತದೆ. ಊರಿನ ರೋಗ ಮೊದಲು ಅವರ ಮೈಗೆ ಬಂದು ಆಮೇಲೆ ಓಣಿಗೆ ಬರುತ್ತದೆ.

ಗಿರಣಿಯ ಒಳಗೆ, ಗಿರಣಿಯ ಹೊರಗೆ

ಇದೇ ಕಾಲದಲ್ಲಿ ಗೋಕಾಕದ ಹತ್ತಿರ ಇನ್ನೊಂದು ಬಗೆಯ ದುಡಿಮೆ ಶುರುವಾಗಿತ್ತು. ಘಟಪ್ರಭೆಯ ಜಲಪಾತದ ಬಲದಿಂದ ನಡೆಯುವ ನೂಲಿನ ಗಿರಣಿ 1880ರ ದಶಕದಲ್ಲಿ ಗೋಕಾಕ ಫಾಲ್ಸ್‌ನಲ್ಲಿ ತಲೆಯೆತ್ತಿತು. ಗಿರಣಿಯ ಬದುಕು ಸುಖದ್ದಾಗಿರಲಿಲ್ಲ. ಆದರೆ ಗಿರಣಿ ಎಂಬುದು ಕಾನೂನಿನ ಕಣ್ಣಿಗೆ ಬೀಳುವ ಜಾಗ. 1881ರ ಕಾರ್ಖಾನೆ ಕಾಯ್ದೆ ಮಕ್ಕಳ ದುಡಿಮೆಯ ತಾಸುಗಳನ್ನು ಮಿತಿಗೊಳಿಸಿ, ತಿರುಗುವ ಯಂತ್ರಕ್ಕೆ ಬೇಲಿ ಕೇಳಿತು. 1891ರ ಕಾಯ್ದೆ ಹೆಂಗಸರ ಕೆಲಸಕ್ಕೆ ದಿನಕ್ಕೆ 11 ತಾಸಿನ ಮಿತಿ ಹಾಕಿತು. 1911ರಲ್ಲಿ ಬಟ್ಟೆ ಗಿರಣಿಯ ಗಂಡಸರಿಗೆ 12 ತಾಸಿನ ಮಿತಿ ಬಂತು. 1948ರ ಕಾರ್ಖಾನೆ ಕಾಯ್ದೆ ಇನ್ನೂ ಮುಂದೆ ಹೋಗಿ ಕೆಲವು ರೋಗಗಳ ಪಟ್ಟಿ ಮಾಡಿತು. ಆ ರೋಗ ಕಾರ್ಮಿಕನಲ್ಲಿ ಕಂಡರೆ ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕು. ಹತ್ತಿಯ ಧೂಳಿನಿಂದ ಎದೆ ಬಿಗಿಯುವ ಬಿಸಿನೋಸಿಸ್ ಎಂಬ ಕಾಯಿಲೆಯೂ ಆ ಪಟ್ಟಿಗೆ ಸೇರಿತು.

ಗಿರಣಿಯಿಂದ ಹೊರಬಂದು ಪೇಟೆಯ ರಸ್ತೆಗೆ ನಡೆದರೆ ಅಲ್ಲೂ ಧೂಳಿದೆ. ಕಸಬರಿಗೆ ಹಿಡಿದು ಗುಡಿಸುವವರ ಎದೆಗೆ ಅದೂ ಇಳಿಯುತ್ತದೆ. ಆದರೆ ರಸ್ತೆ ಕಾರ್ಖಾನೆಯಲ್ಲ. ಅಲ್ಲಿಗೆ ಕಾರ್ಖಾನೆ ಇನ್‌ಸ್ಪೆಕ್ಟರ್ ಬರುವುದಿಲ್ಲ, ರೋಗದ ಪಟ್ಟಿಯೂ ಅನ್ವಯಿಸುವುದಿಲ್ಲ. 1923ರ ಕಾರ್ಮಿಕ ಪರಿಹಾರ ಕಾಯ್ದೆ ದುಡಿಮೆಯಿಂದ ಬರುವ ರೋಗಕ್ಕೂ ಪರಿಹಾರ ಉಂಟು ಎಂದಾಗ ಅದರ ಮೊದಲ ಪಟ್ಟಿಯಲ್ಲಿದ್ದವು ಆಂಥ್ರಾಕ್ಸ್, ಸೀಸದ ವಿಷ, ರಂಜಕದ ವಿಷ. ಸೋಂಕಿನ ಅಪಾಯವಿರುವ ಕೆಲಸದಿಂದ ತಗಲುವ ಅಂಟುರೋಗಗಳು ಆ ಪಟ್ಟಿಗೆ ಮುಂದೆ ಸೇರಿದವು. ಕಾಗದದ ಮೇಲೆ ಇದು ಕಸದ ಕಾರ್ಮಿಕರಿಗೂ ಬಾಗಿಲು ತೆರೆಯುತ್ತದೆ. ಆದರೆ ಪರಿಹಾರ ಕೇಳುವವರು ಕಾಯಿಲೆ ಕೆಲಸದಿಂದಲೇ ಬಂತು ಎಂದು ತೋರಿಸಬೇಕು. ತೋರಿಸಲು ದಾಖಲೆ ಬೇಕು. ದಾಖಲೆ ಇಡುವ ಪುಸ್ತಕವಿಲ್ಲದ ಕಡೆ ಬಾಗಿಲು ತೆರೆದಿದ್ದರೂ ಒಳಗೆ ಹೋಗಲಾಗದು.

ಮೂರು ದಿನದ ಸೇವೆ, ಮೂವತ್ತು ವರ್ಷದ ದುಡಿಮೆ

1924ರ ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಅಧಿವೇಶನ ಅದು. ಗಂಗಾಧರರಾವ್ ದೇಶಪಾಂಡೆ ಅದರ ಏರ್ಪಾಡಿನ ಮುಂದಾಳು. ಅಲ್ಲಿ ಸಂಡಾಸು ಶುಚಿಗೊಳಿಸುವ ಕೆಲಸವನ್ನು ಸ್ವಯಂಸೇವಕರೇ ಹೊತ್ತರು. ಮೇಲ್ಜಾತಿಯ ಯುವಕರೂ ಅವರಲ್ಲಿದ್ದರು. ಆ ಕಾಲದ ಊರುಗಳಲ್ಲಿ ಇದು ಸಣ್ಣ ಮಾತಲ್ಲ. ಕೆಲಸಕ್ಕೆ ಅಂಟಿದ ಮೈಲಿಗೆಯನ್ನು ಕಳಚಲು ನಡೆದ ಪ್ರಾಮಾಣಿಕ ಯತ್ನ ಅದು.

ಆದರೆ ಮೈಲಿಗೆ ಬೇರೆ, ಸೋಂಕು ಬೇರೆ. ಸ್ವಯಂಸೇವಕ ಕೆಲವು ದಿನ ಗುಡಿಸಿ, ಮಿಂದು, ಮನೆಗೆ ಹೋಗುತ್ತಾನೆ. ಕಸುಬಿನವಳು ಮೂವತ್ತು ವರ್ಷ ಅದನ್ನೇ ಮಾಡುತ್ತಾಳೆ. ಧೂಳು, ಹೊಗೆ, ಕೊಳೆತ ನೀರು ಮೈಗೆ ಮಾಡುವ ಹಾನಿ ದಿನದಿನಕ್ಕೆ ಸೇರುತ್ತ ಹೋಗುತ್ತದೆ. ಒಂದು ದಿನ ಎಷ್ಟು ಎಂಬುದಕ್ಕಿಂತ ಎಷ್ಟು ವರ್ಷ ಎಂಬುದು ಅಲ್ಲಿ ಮುಖ್ಯ. ಕಸಬರಿಗೆ ಹಿಡಿದ ಗಣ್ಯರ ಚಿತ್ರಗಳನ್ನು 2014ರ ಅಕ್ಟೋಬರ್ 2ರಿಂದ ನಾವು ಬಹಳ ನೋಡಿದ್ದೇವೆ. ಅವರ ಶ್ವಾಸಕೋಶಕ್ಕೆ ಅದರಿಂದ ಏನೂ ಆಗದು. ಕೆಲಸಕ್ಕೆ ಗೌರವ ಕೊಟ್ಟರೆ ಸಾಕು ಎಂಬ ಮಾತು ಆರೋಗ್ಯದ ಪ್ರಶ್ನೆಯನ್ನು ಎಷ್ಟೋ ಸಲ ಪಕ್ಕಕ್ಕೆ ಸರಿಸಿದೆ.

ಸ್ವಾತಂತ್ರ್ಯ ಬಂದ ಮೇಲೆ ಮುಂಬಯಿ ಸರ್ಕಾರ 1949ರಲ್ಲಿ ಝಾಡುವಾಲರ ಜೀವನಸ್ಥಿತಿಯ ವಿಚಾರಣೆಗೆ ಬರ್ವೆ ಸಮಿತಿಯನ್ನು ನೇಮಿಸಿತು. 1952ರಲ್ಲಿ ಅದರ ವರದಿ ಬಂದಾಗ ನಮ್ಮ ಜಿಲ್ಲೆ ಮುಂಬಯಿ ರಾಜ್ಯದಲ್ಲೇ ಇತ್ತು. 1957ರಲ್ಲಿ ಕೇಂದ್ರ ಮಟ್ಟದಲ್ಲಿ ನೇಮಕವಾದ ಮಲ್ಕಾನಿ ಸಮಿತಿ 1960ರಲ್ಲಿ ವರದಿ ಕೊಟ್ಟಿತು. ತಲೆಯ ಮೇಲೆ ಹೊರುವುದು ನಿಲ್ಲಬೇಕು, ತಳ್ಳುಗಾಡಿ ಬರಬೇಕು ಎಂಬುದು ಈ ಕಾಲದ ಸಮಿತಿಗಳ ಮುಖ್ಯ ಮಾತು. ಅಷ್ಟರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತ್ತು. 1964ರಲ್ಲಿ ರಾಜ್ಯಕ್ಕೆಲ್ಲ ಒಂದೇ ಪುರಸಭೆಗಳ ಕಾಯ್ದೆ ಬಂತು.

ಕರ್ನಾಟಕದಲ್ಲಿ ನಿಜವಾದ ತಿರುವು ಬಂದದ್ದು 1970ರ ದಶಕದಲ್ಲಿ. ದೇವರಾಜ ಅರಸು ಸರ್ಕಾರದಲ್ಲಿ ಪೌರಾಡಳಿತ ನೋಡಿಕೊಳ್ಳುತ್ತಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದೇಶದ ಮಟ್ಟದಲ್ಲಿ ಇಂಥ ಕಾನೂನು ಬರಲು 1993ರವರೆಗೆ ಕಾಯಬೇಕಾಯಿತು. ಅದೇ ದಶಕದಲ್ಲಿ ಐ.ಪಿ.ಡಿ. ಸಾಲಪ್ಪ ಸಮಿತಿ ಈ ಕಾರ್ಮಿಕರ ಸ್ಥಿತಿಗತಿಯನ್ನು ನೋಡಿತು. ಜಾಡಮಾಲಿ ಎಂಬ ಹೆಸರು ಹಿಂದೆ ಸರಿದು ಪೌರಕಾರ್ಮಿಕ ಎಂಬ ಹೆಸರು ನೆಲೆಯಾಯಿತು. ಈಗ ಪ್ರತಿ ಸೆಪ್ಟೆಂಬರ್ 23ರಂದು ರಾಜ್ಯದಲ್ಲಿ ಪೌರಕಾರ್ಮಿಕರ ದಿನ ನಡೆಯುತ್ತದೆ.

ಸಾಲಪ್ಪ ವರದಿಯ ಒಂದು ಅಂಕಿ ಆರೋಗ್ಯದ ಕಣ್ಣಿನಿಂದ ಬಹಳ ಮುಖ್ಯ. 500 ಜನರಿಗೆ ಒಬ್ಬ ಪೌರಕಾರ್ಮಿಕ ಬೇಕು ಎಂದು ಆ ವರದಿ ಹೇಳಿತು. ಮುಂದೆ, ಗುತ್ತಿಗೆ ಬಿಟ್ಟು ನೇರಪಾವತಿ ಪದ್ಧತಿ ಬಂದ ಹೊತ್ತಿಗೆ, ಸರ್ಕಾರ ಅದನ್ನು 700 ಜನರಿಗೆ ಒಬ್ಬರು ಎಂದು ಬದಲಿಸಿತು. 2011ರ ಜನಗಣತಿಯಲ್ಲಿ ಗೋಕಾಕದ ಜನಸಂಖ್ಯೆ ಸುಮಾರು 79 ಸಾವಿರ. ಸಾಲಪ್ಪನವರ ಅಳತೆಯಲ್ಲಿ ಆ ಊರಿಗೆ 158 ಜನ ಬೇಕು; ಹೊಸ ಅಳತೆಯಲ್ಲಿ 113 ಸಾಕು. ವ್ಯತ್ಯಾಸ 45 ಜನ. ಊರಿನ ಕಸ ಅದರಿಂದ ಕಡಿಮೆಯಾಗುವುದಿಲ್ಲ. ಆ 45 ಜನರ ಭಾರ ಉಳಿದವರ ಸೊಂಟ, ಭುಜ, ಮೊಣಕಾಲುಗಳ ಮೇಲೆ ಬೀಳುತ್ತದೆ. ಮೂಡಲಗಿ, ಹುಕ್ಕೇರಿಯಂಥ ಸಣ್ಣ ಊರುಗಳಲ್ಲಿ ಇದು ಇನ್ನೂ ಬಿಗಿ. 25 ಸಾವಿರ ಜನರ ಊರಿಗೆ ಹೊಸ ಲೆಕ್ಕದಲ್ಲಿ ಸಿಗುವುದು 36 ಜನ. ಅವರಲ್ಲಿ ಇಬ್ಬರಿಗೆ ಜ್ವರ ಬಂದರೆ ಅವರ ಓಣಿಯೂ ಪಕ್ಕದವರ ಪಾಲಿಗೆ ಬರುತ್ತದೆ. ಜ್ವರ ಬಂದರೂ ಕೆಲಸಕ್ಕೆ ಬರುವವರು ಪಗಾರಕ್ಕಾಗಿ ಮಾತ್ರ ಬರುವುದಿಲ್ಲ, ಜೊತೆಯವರ ಮುಖ ನೋಡಿಯೂ ಬರುತ್ತಾರೆ.

ಕಸ ಬದಲಾಯಿತು, ಕೈ ಅದೇ

ನಮ್ಮ ಅಜ್ಜಿಯರ ಕಾಲದ ಮನೆಯ ಕಸ ಎಂದರೆ ಒಲೆಯ ಬೂದಿ, ಸೆಗಣಿ, ಕಾಯಿಪಲ್ಲೆಯ ಸಿಪ್ಪೆ, ಹರಿದ ಅರಿವೆ. ಅದು ಹಿತ್ತಿಲಿನ ತಿಪ್ಪೆಗೆ ಹೋಗಿ ಯುಗಾದಿಯ ಹೊತ್ತಿಗೆ ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಈಗಿನ ಒಂದು ಚೀಲದಲ್ಲಿ ಅನ್ನ, ಒಡೆದ ಬಾಟಲಿ, ದಾಡಿಯ ಬ್ಲೇಡು, ಸಕ್ಕರೆ ಕಾಯಿಲೆಯವರು ಚುಚ್ಚಿಕೊಂಡ ಸೂಜಿ, ಕೂಸಿನ ಡೈಪರ್, ಸ್ಯಾನಿಟರಿ ಪ್ಯಾಡು, ಬ್ಯಾಟರಿ, ಟ್ಯೂಬ್‌ಲೈಟು ಎಲ್ಲವೂ ಒಟ್ಟಿಗೆ. ಹಸಿ, ಒಣ, ಅಪಾಯಕಾರಿ ಎಂದು ಮನೆಯಲ್ಲೇ ಬೇರೆ ಮಾಡಬೇಕು ಎಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದವು. ಮನೆಯವರು ಬೇರೆ ಮಾಡದಿದ್ದರೆ ಬೇರೆಯವರ ಕೈ ಅದನ್ನು ಮಾಡಬೇಕಾಗುತ್ತದೆ. ಕಸ ವಿಂಗಡಿಸುವುದು ಪರಿಸರದ ಪಾಠ ಎಂದು ಶಾಲೆಯಲ್ಲಿ ಕಲಿಸುತ್ತೇವೆ. ಅದು ಮೊದಲು ಕೈಯ ಪಾಠ.

ಆ ಕೈಗೆ, ಆ ಮೈಗೆ ಏನಾಗುತ್ತದೆ? ಸೂಜಿ ಚುಚ್ಚಿದರೆ ಹೆಪಟೈಟಿಸ್ ಬಿ, ಸಿ ಬರುವ ಭಯ. ತುಕ್ಕಿನ ಗಾಯದಿಂದ ಧನುರ್ವಾಯು. ಧನುರ್ವಾಯುವಿಗೂ ಹೆಪಟೈಟಿಸ್ ಬಿಗೂ ಲಸಿಕೆ ಇದೆ. ಅವು ತಡೆಯಬಹುದಾದ ರೋಗಗಳು. ಇಲಿಯ ಉಚ್ಚೆ ಬೆರೆತ ನೀರಿನಲ್ಲಿ ಗಾಯದ ಕಾಲಿಟ್ಟರೆ ಇಲಿಜ್ವರ. ಇದರ ಸೂಕ್ಷ್ಮಾಣುವನ್ನು ಜಪಾನಿನ ವಿಜ್ಞಾನಿಗಳು ಕಂಡುಹಿಡಿದು ನೂರು ವರ್ಷ ದಾಟಿದೆ. ಬೇಗ ಗುರುತಿಸಿದರೆ ಸಾಮಾನ್ಯ ಔಷಧಿಗಳಿಗೇ ಬಗ್ಗುವ ಈ ಜ್ವರ, ತಡವಾದರೆ ಕಾಮಾಲೆಯಾಗಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಕೊಳೆಯುವ ಕಸದ ಧೂಳಿನಲ್ಲಿ ಬೂಷ್ಟಿನ ಕಣಗಳಿರುತ್ತವೆ. ಅದರಿಂದ ಕೆಮ್ಮು, ದಮ್ಮು. ರಸ್ತೆ ಬದಿ ಪ್ಲಾಸ್ಟಿಕ್ ಸೇರಿಸಿ ಕಸ ಸುಟ್ಟರೆ ಆ ಹೊಗೆಯಲ್ಲಿ ಡಯಾಕ್ಸಿನ್‌ನಂಥ ವಿಷಗಳು. ದಿನವಿಡೀ ಬಗ್ಗಿ ಗುಡಿಸುವುದರಿಂದ, ತುಂಬಿದ ಡಬ್ಬಿಯನ್ನು ಗಾಡಿಯ ಎತ್ತರಕ್ಕೆ ಎತ್ತುವುದರಿಂದ ಸೊಂಟ ಮತ್ತು ಭುಜದ ನೋವು. ಇನ್ನೊಂದು ಸಂಕಟ ಹೆಂಗಸರದು. ನಸುಕಿನಿಂದ ಮಧ್ಯಾಹ್ನದವರೆಗೆ ಬೀದಿಯಲ್ಲಿರುವವರಿಗೆ ಸಂಡಾಸಿನ ಸೌಲಭ್ಯವಿಲ್ಲದಿದ್ದರೆ ನೀರು ಕುಡಿಯುವುದನ್ನೇ ಬಿಡುತ್ತಾರೆ. ಮೂತ್ರದ ಸೋಂಕು ಅಲ್ಲಿಂದ ಶುರು. ಊರಿನ ಸಂಡಾಸು ಶುಚಿಯಾಗಿಡುವವರಿಗೆ ಸಂಡಾಸು ಸಿಗದೆ ಬರುವ ಕಾಯಿಲೆ ಇದು.

ಎಲ್ಲಕ್ಕಿಂತ ಬೇಗ ಕೊಲ್ಲುವುದು ಗುಂಡಿ. ಮಲದ ಗುಂಡಿಯಲ್ಲಿ, ಮುಚ್ಚಿದ ಗಟಾರದಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ಸೇರಿಕೊಳ್ಳುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಪ್ರಮಾಣ ಹೆಚ್ಚಾದಂತೆ ಮೂಗಿನ ವಾಸನೆ ಹಿಡಿಯುವ ಶಕ್ತಿಯೇ ಹೋಗುತ್ತದೆ. ವಾಸನೆ ನಿಂತಿತು, ಇನ್ನು ಇಳಿಯಬಹುದು ಎನಿಸುವ ಹೊತ್ತಿಗೇ ಅಪಾಯ ತುದಿಗೆ ಬಂದಿರುತ್ತದೆ. ಒಬ್ಬ ಬಿದ್ದರೆ ಎತ್ತಲು ಇಳಿದ ಇನ್ನೊಬ್ಬನೂ ಬೀಳುವುದು ಇದರಿಂದಲೇ. 2013ರ ಕಾಯ್ದೆ ರಕ್ಷಣೆಯಿಲ್ಲದೆ ಇಂಥ ಗುಂಡಿಗೆ ಇಳಿಸುವುದನ್ನು ಅಪರಾಧವೆಂದಿತು. ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರ ಮಾರ್ಚ್‌ನಲ್ಲಿ ಹೇಳಿದ್ದ ಸುಪ್ರೀಂ ಕೋರ್ಟು, 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

ನಮ್ಮ ಸೀಮೆಯಲ್ಲಿ ಹೊಳೆಯೂ ಈ ಕತೆಯಲ್ಲಿದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕದ ಪೇಟೆಗೆ ನುಗ್ಗಿತು. ಮನೆ ಅಂಗಡಿಗಳು ಮುಳುಗಿದ ಚಿತ್ರಗಳನ್ನು ನಾಡೆಲ್ಲ ನೋಡಿತು. ನೀರು ಇಳಿದ ಮೇಲೆ ಉಳಿಯುವುದನ್ನು ಕಡಿಮೆ ಜನ ನೋಡುತ್ತಾರೆ: ಗಟಾರ ಮತ್ತು ಸಂಡಾಸಿನ ನೀರು ಬೆರೆತ ರಾಡಿ, ಸತ್ತ ದನಕರು, ಕೊಳೆತ ಕಾಳು, ಕೆಸರಿನಲ್ಲಿ ಕಾಣದ ಗಾಜು ಮತ್ತು ಮೊಳೆ. ಇಲಿಜ್ವರಕ್ಕೆ ಇದಕ್ಕಿಂತ ಅನುಕೂಲದ ನೆಲ ಬೇರಿಲ್ಲ. ಪ್ರವಾಹದ ನಷ್ಟವನ್ನು ಮನೆ, ಬೆಳೆ, ಜಾನುವಾರು, ರಸ್ತೆ ಎಂದು ಲೆಕ್ಕ ಹಾಕುತ್ತೇವೆ. ರಾಡಿ ತೆಗೆದವರಿಗೆ ಮುಂದಿನ ವಾರಗಳಲ್ಲಿ ಬರುವ ಜ್ವರಕ್ಕೆ ಆ ಲೆಕ್ಕದಲ್ಲಿ ಸಾಲು ಬೇಕು. ಪ್ಲೇಗಿನ ಕಾಲದ ಖಾಲಿ ಮನೆಗಳಿಗೂ ಇದಕ್ಕೂ ನೂರಿಪ್ಪತ್ತು ವರ್ಷಗಳ ಅಂತರವಿದೆ. ಊರವರು ದೂರ ಸರಿದಾಗ ಒಳಗೆ ಹೋಗುವವರು ಮಾತ್ರ ಬದಲಾಗಿಲ್ಲ.

ಬರೆದಿಡಬೇಕಾದ ಪುಸ್ತಕ

ಈ ನಡುವೆ ಬಂದ ಬದಲಾವಣೆಗಳನ್ನು ಅಲ್ಲಗಳೆಯುವಂತಿಲ್ಲ. ಅವು ಕಾರ್ಮಿಕರೇ ಹೋರಾಡಿ ತಂದವು. 2010ರ ಜುಲೈ 20ರಂದು ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ಒಕ್ಕಲೆಬ್ಬಿಸುವುದರ ವಿರುದ್ಧ, ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಗೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಸಣ್ಣ ಊರೊಂದರ ಪುರಸಭೆಯ ಅಂಗಳದಲ್ಲಿ ನಡೆದದ್ದು ನಾಡಿನ ಆತ್ಮಸಾಕ್ಷಿಯನ್ನು ಅಲುಗಾಡಿಸಿತು. 2022ರ ಜುಲೈ ಮೊದಲ ವಾರ ರಾಜ್ಯದ ಪೌರಕಾರ್ಮಿಕರು ಕಾಯಮಾತಿಗಾಗಿ ಕೆಲಸ ನಿಲ್ಲಿಸಿದರು. ಆ ಸೆಪ್ಟೆಂಬರ್‌ನಲ್ಲಿ 11,133 ಜನರನ್ನು ಕಾಯಂ ಮಾಡಲು ಸಚಿವ ಸಂಪುಟ ಒಪ್ಪಿತು. ಅದೇ ವರ್ಷ ತಿಂಗಳಿಗೆ 2,000 ರೂಪಾಯಿಯ ಸಂಕಷ್ಟ ಭತ್ಯೆಯೂ ಘೋಷಣೆಯಾಯಿತು. ಕಾಯಂ ನೌಕರಿ ಎಂದರೆ ರಜೆ. ರಜೆ ಎಂದರೆ ಜ್ವರ ಬಂದ ದಿನ ಮನೆಯಲ್ಲಿ ಮಲಗುವ ಹಕ್ಕು. ಆದ್ದರಿಂದ ಕಾಯಮಾತಿಯ ಹೋರಾಟವನ್ನು ನಾನು ಆರೋಗ್ಯದ ಹೋರಾಟವೆಂದೇ ಓದುತ್ತೇನೆ. ಸಂಕಷ್ಟ ಭತ್ಯೆಯ ಬಗ್ಗೆ ಅಷ್ಟು ನೆಮ್ಮದಿಯಿಂದ ಹೇಳಲಾರೆ. ಅಪಾಯಕ್ಕೆ ಹಣ ಕೊಟ್ಟ ಮೇಲೆ ಅಪಾಯವನ್ನು ತಗ್ಗಿಸುವ ಅವಸರ ಆಡಳಿತಕ್ಕೆ ಉಳಿಯುವುದಿಲ್ಲ.

ಸಮವಸ್ತ್ರ, ಕೈಗವಸು, ಮಾಸ್ಕು, ಮಳೆಕೋಟು, ತಕ್ಕ ಪಾದರಕ್ಷೆ ಕೊಡಬೇಕು ಎಂದು 2016ರ ನಿಯಮಗಳೇ ಹೇಳಿದವು. ಕೊಟ್ಟರೂ ಹಾಕಿಕೊಳ್ಳುವುದಿಲ್ಲ ಎಂಬ ದೂರು ಎಲ್ಲ ಕಡೆ ಕೇಳಿಬರುತ್ತದೆ. ಬೆಳಗಾವಿ ಸೀಮೆಯ ಏಪ್ರಿಲ್ ಬಿಸಿಲಿನಲ್ಲಿ ದಪ್ಪ ರಬ್ಬರಿನ ಕೈಗವಸು ಹಾಕಿ ನಾಲ್ಕು ತಾಸು ಗುಡಿಸಿದವರಿಗೆ ಅದರ ಕಾರಣ ಗೊತ್ತು. ಒಳಗೆ ಬೆವರು ನಿಂತು ಚರ್ಮ ಬಿಳಿಚುತ್ತದೆ, ಕಸಬರಿಗೆಯ ಹಿಡಿತ ಜಾರುತ್ತದೆ. ಯಾವ ಕೈಗೆ ಎಂಥ ಕವಸು ಎಂದು ಆ ಕೈಯವರನ್ನೇ ಕೇಳಿ ಕೊಳ್ಳುವ ಪದ್ಧತಿ ಬರಬೇಕು.

ಹುಕ್ಕೇರಿಗೆ ಹೋದವರು ಆದಿಲ್‌ಶಾಹಿ ಕಾಲದ ಗುಮ್ಮಟಗಳನ್ನು ನೋಡುತ್ತಾರೆ. ನೆಲದಡಿಯಿಂದ ಊರಿಗೆ ನೀರು ತಂದ ಹಳೆಯ ಏರ್ಪಾಡಿನ ಬಗ್ಗೆಯೂ ಕೇಳುತ್ತಾರೆ. ಊರಿಗೆ ನೀರು ತಂದವರನ್ನು ಚರಿತ್ರೆ ನೆನೆಯುತ್ತದೆ. ಊರಿನಿಂದ ಹೊಲಸು ಹೊರಗೆ ಒಯ್ದವರಿಗೆ ಸ್ಮಾರಕ ಬೇಕೆಂದು ನಾನು ಹೇಳುತ್ತಿಲ್ಲ. ಅವರಿಗೆ ಬೇಕಿರುವುದು ಒಂದು ಸಾದಾ ಪುಸ್ತಕ. ಪ್ರತಿ ಪೌರಕಾರ್ಮಿಕರಿಗೂ, ಗುತ್ತಿಗೆಯ ಚಾಲಕರಿಗೂ ಲೋಡರ್‌ಗಳಿಗೂ ಸೇರಿ, ಒಂದೊಂದು ಆರೋಗ್ಯ ಪುಸ್ತಕ. ಕೆಲಸಕ್ಕೆ ಸೇರಿದ ದಿನದ ಎದೆಯ ಪರೀಕ್ಷೆ, ಹಾಕಿದ ಲಸಿಕೆ, ಚುಚ್ಚಿದ ಸೂಜಿ, ಬಂದ ಜ್ವರ ಎಲ್ಲವೂ ತಾರೀಖಿನೊಂದಿಗೆ ಅದರಲ್ಲಿರಬೇಕು. ಕೆಲಸದಿಂದ ನಿವೃತ್ತರಾಗುವಾಗ ಅದು ಅವರ ಕೈಯಲ್ಲೇ ಉಳಿಯಬೇಕು. ನಮ್ಮ ತಾಲ್ಲೂಕು ದವಾಖಾನೆಗಳ ಚೀಟಿಯಲ್ಲಿ ಹೆಸರು, ವಯಸ್ಸು, ಊರು ಬರೆಯುತ್ತಾರೆ. ಕಸುಬು ಕೇಳಿದರೂ ಕೂಲಿ ಎಂದು ಬರೆದರೆ ಮುಗಿಯಿತು. ಅಲ್ಲಿ ಪೌರಕಾರ್ಮಿಕ ಎಂದು, ಎಷ್ಟು ವರ್ಷದಿಂದ ಎಂದು ಬರೆದರೆ ಐದು ವರ್ಷದಲ್ಲಿ ಈ ಮೂರು ಊರುಗಳ ಕಾಯಿಲೆಯ ಚಿತ್ರ ನಮ್ಮ ಮುಂದಿರುತ್ತದೆ. ಪರಿಹಾರ ಕೇಳುವವರಿಗೆ ಅದು ಸಾಕ್ಷಿ, ವೈದ್ಯರಿಗೆ ಅದು ಮುನ್ಸೂಚನೆ.

ಇದಕ್ಕೆ ದೊಡ್ಡ ಹಣ ಬೇಡ, ಹೊಸ ಕಾಯ್ದೆಯೂ ಬೇಡ. ಆರೋಗ್ಯ ನಿರೀಕ್ಷಕರ ಮೇಜಿನ ಮೇಲೆ ಹಾಜರಿ ಪುಸ್ತಕದ ಪಕ್ಕ ಇನ್ನೊಂದು ಪುಸ್ತಕಕ್ಕೆ ಜಾಗವಿದೆ. ಮುಂದೊಂದು ದಿನ ಈ ಸೀಮೆಯ ಆರೋಗ್ಯದ ಚರಿತ್ರೆ ಬರೆಯಲು ಕೂರುವವರಿಗೆ 1884ರ ಗ್ಯಾಸೆಟಿಯರಿನಲ್ಲಿ ಸಿಗದ ಅಧ್ಯಾಯ ಅದರಲ್ಲಿ ಸಿಗಬೇಕು. ಅದಕ್ಕಿಂತ ಮೊದಲು, ನಾಳೆ ಬೆಳಿಗ್ಗೆ ಗೈರಾದವರ ಮನೆಗೆ ಯಾರಾದರೂ ಹೋಗಿ ಏನಾಗಿದೆ ಎಂದು ಕೇಳಬೇಕು.